ಹನ್ನೊಂದನೇ ಸಾಲು

ಭಾಷಣಕಲೆ ವಿಭಾಗದ ಸಭಾಂಗಣದಲ್ಲಿ ಮೈಕು ಇರಲಿಲ್ಲ. ತರಿಸಲು ಗತಿಯಿರಲಿಲ್ಲವೆಂದಲ್ಲ, ಬೇಡವೆಂದೇ ಇಟ್ಟಿರಲಿಲ್ಲ. ಮಾತು ಕಲಿಯಲು ಬಂದವರು ತಮ್ಮ ದನಿಯನ್ನು ತಾವೇ ಹೊತ್ತು ಕೊನೆಯ ಸಾಲಿಗೆ ಮುಟ್ಟಿಸಬೇಕು, ತಂತಿಯ ಮೇಲೆ ಹೇರಿ ಕಳಿಸುವುದಲ್ಲ ಎಂಬುದು ಆ ವಿಭಾಗದ ಹಟ. ಆ ಜಾಗ ಹಿಂದೊಮ್ಮೆ ವ್ಯಾಯಾಮಶಾಲೆಯಾಗಿತ್ತು. ಗೋಡೆಯಲ್ಲಿ ಆಗಿನ ಕಬ್ಬಿಣದ ಕೊಕ್ಕೆಗಳು ಇನ್ನೂ ಇದ್ದವು, ಮಕ್ಕಳು ಅವಕ್ಕೆ ಚೀಲ ನೇತುಹಾಕುತ್ತಿದ್ದರು. ಮುಂದೆ ಮೊಣಕಾಲೆತ್ತರದ ಮರದ ವೇದಿಕೆ, ಅದರೆದುರು ಮೆಟ್ಟಿಲು ಮೆಟ್ಟಿಲಾಗಿ ಏರುವ ಹನ್ನೊಂದು ಸಾಲು ಬೆಂಚು. ವೇದಿಕೆಯ ಹಿಂದಿನ ಓಣಿಯಲ್ಲಿ, ನಿಂತು ಕೈ ಬೀಸಿದರೆ ಗೋಡೆಗೆ ಬಡಿಯುವಷ್ಟು ಚಿಕ್ಕ ಕೋಣೆಗಳು ಆರು. ಒಂದೊಂದರಲ್ಲೂ ಒಂದು ಕನ್ನಡಿ, ಒಂದು ಬಲ್ಬು. ಅಲ್ಲಿ ಮಕ್ಕಳು ತಮ್ಮ ಮುಖಕ್ಕೆ ತಾವೇ ಭಾಷಣ ಬಿಗಿದುಕೊಂಡು ಅಭ್ಯಾಸ ಮಾಡುತ್ತಿದ್ದರು. ಅವಕ್ಕೆ ಗೂಡು ಎಂದೇ ಹೆಸರು.

ಇಷ್ಟಕ್ಕೂ ಒಡತಿಯೆಂದರೆ ಕೀಲಿಯಕ್ಕ. ಕಾಗದದ ಮೇಲೆ ಅವಳು ಕಟ್ಟಡದ ಪರಿಚಾರಕಿ. ಬೆಳಿಗ್ಗೆ ಏಳೂವರೆಗೆ ಬೀಗ ತೆಗೆಯುವುದು, ಗುಡಿಸುವುದು, ಒರೆಸುವುದು, ಸಂಜೆ ಆರಕ್ಕೆ ಬೀಗ ಹಾಕುವುದು ಅವಳ ಕೆಲಸ. ಸೊಂಟದಲ್ಲಿ ಇಪ್ಪತ್ತೆಂಟು ಕೀಲಿಗಳ ಗೊಂಚಲು. ಯಾವ ಕಿಟಕಿಯನ್ನು ಕೋಲಿನಿಂದ ತಿವಿದು ತೆರೆಯಬೇಕು, ಯಾವ ಬಾಗಿಲನ್ನು ಎತ್ತಿ ಹಿಡಿದು ಮುಚ್ಚಬೇಕು, ಮೂರನೇ ಸಾಲಿನ ಯಾವ ಹಲಗೆ ಕೂತವರ ಬಟ್ಟೆ ಕಚ್ಚುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಪ್ರಿನ್ಸಿಪಾಲರಿಂದ ಹಿಡಿದು ನಿನ್ನೆ ಸೇರಿದ ಹುಡುಗರವರೆಗೆ ಎಲ್ಲರಿಗೂ ಅವಳು ಅಕ್ಕನೇ. ಮೂವತ್ತು ವರ್ಷದಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ.

ಆದರೆ ಅವಳ ಮರ್ಯಾದೆ ಇದ್ದದ್ದು ಕೀಲಿಯಲ್ಲಲ್ಲ, ಹನ್ನೊಂದನೇ ಸಾಲಿನಲ್ಲಿ.

ಅವಳು ಕೆಲಸಕ್ಕೆ ಸೇರಿದ ವರ್ಷ, ಆಗಿದ್ದ ಹಳೆಯ ಮೇಷ್ಟ್ರೊಬ್ಬರು ಖಾಲಿ ಸಭಾಂಗಣದಲ್ಲಿ ಒಬ್ಬ ವಿದ್ಯಾರ್ಥಿಯನ್ನು ತಯಾರು ಮಾಡುತ್ತಿದ್ದರು. ಇವಳು ಕೊನೆಯ ಸಾಲು ಒರೆಸುತ್ತಿದ್ದಳು. ಅವನು ಮುಗಿಸಿದ ಮೇಲೆ ಮೇಷ್ಟ್ರು ಸುಮ್ಮನೆ, ಹೇಗಿತ್ತಮ್ಮಾ ಎಂದು ಇವಳನ್ನು ಕೇಳಿದರು. ಇವಳು ಮುಚ್ಚುಮರೆಯಿಲ್ಲದೆ, 'ಏಳನೇ ಸಾಲಿಗೇ ಸುಸ್ತಾಗಿ ಕೂತ್ಬಿಡ್ತು ಸಾರ್, ಇಲ್ಲೀತನಕ ಬರಲೇ ಇಲ್ಲ' ಎಂದಳು. ಮೇಷ್ಟ್ರು ನಕ್ಕರು. ಮರುದಿನವೂ ಅವಳನ್ನು ಕರೆದು ಅಲ್ಲೇ ಕೂರಿಸಿದರು. ಅಲ್ಲಿಂದ ಅದೇ ಪದ್ಧತಿಯಾಯಿತು. ಅಭ್ಯಾಸದ ಹೊತ್ತಿನಲ್ಲಿ ಅಕ್ಕ ಹನ್ನೊಂದನೇ ಸಾಲಿನ ನಡುವೆ ಕೂರುತ್ತಾಳೆ. ಕೈಯಲ್ಲಿ ಬೆಂಚು ಒರೆಸುವ ಹಳದಿ ಬಟ್ಟೆ. ಮಾತು ಕೇಳಿಸದೆ ಹೋದರೆ ಬಟ್ಟೆ ಮೇಲೇಳುತ್ತದೆ. ಮಾತಾಡುವವರು ಅಲ್ಲಿಗೇ ನಿಲ್ಲಿಸಿ ಕೆಳಗಿಳಿಯಬೇಕು. ವರ್ಷದ ಕೊನೆಯ ಸ್ಪರ್ಧೆಗೆ ಹೋಗುವವರು ಒಂದು ಸಲವಾದರೂ ಹಳದಿ ಏಳದೆ ಮುಗಿಸಿರಬೇಕು. ಮೂರು ಸಲ ಎದ್ದರೆ ಆ ವರ್ಷದ ಕತೆ ಅಲ್ಲಿಗೆ ಮುಗಿಯಿತು. ಇದು ಯಾವ ನಿಯಮಾವಳಿಯಲ್ಲೂ ಬರೆದದ್ದಲ್ಲ. ಆದರೂ ಇಲ್ಲಿ ಓದಿ ಈಗ ವಕೀಲರೋ ಅಧಿಕಾರಿಗಳೋ ಆದವರು ಎಲ್ಲಾದರೂ ಎದುರುಬದುರಾದರೆ, ಹೆಂಡತಿ ಮಕ್ಕಳ ಕ್ಷೇಮ ವಿಚಾರಿಸುವ ಮೊದಲು, ನಿನಗೆ ಎಷ್ಟು ಸಲ ಹಳದಿ ಎದ್ದಿತ್ತು ಎಂದು ಕೇಳಿಕೊಳ್ಳುತ್ತಿದ್ದರು.

ಎರಡು ವರ್ಷದ ಹಿಂದೆ ಆ ಕಟ್ಟಡದ ಮಾಡು ಸೋರಿತು. ಕಟ್ಟಡ ಶಾಖೆಯವರು ಬಂದು ತಗಡು ಬದಲಿಸಿ, ಒಳಗೆ ನಾಲ್ಕನೇ ಸಾಲಿನಿಂದ ಹಿಂದಕ್ಕೆ ಬಿಳಿ ಹಲಗೆಗಳ ಸೂರು ಹೊಡೆದು ಹೋದರು. ಅದಾಗಿ ಐದಾರು ತಿಂಗಳಿಗೆ ಹಳದಿ ಬಟ್ಟೆ ಪದೇ ಪದೇ ಏಳತೊಡಗಿತು. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಕ್ಕೊಮ್ಮೆ, ಆಮೇಲೆ ಒಂದೇ ಮಧ್ಯಾಹ್ನ ನಾಲ್ಕು ಸಲ.

ಆಗ ವಿಭಾಗದ ಮುಖ್ಯಸ್ಥರಾಗಿದ್ದವರಿಗೆ ಮಕ್ಕಳು ಇಟ್ಟ ಹೆಸರು ನಿಲುಗಡೆ ಮೇಷ್ಟ್ರು. ಮಾತಿನ ನಡುವೆ ನಿಲ್ಲುವುದು ಮಾತಿನ ಅರ್ಧ ಎಂದು ಅವರು ಪಾಠ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ತಾವೇ ನಿಂತುಬಿಡುತ್ತಿದ್ದರು. ಪಾಠ ಮುಗಿಯಿತೆಂದು ಹೊಸಬರು ಪುಸ್ತಕ ಮಡಿಸಿ ಎದ್ದದ್ದೂ ಉಂಟು. ಅವರು ಅಕ್ಕನನ್ನು ಏನು ಸಮಾಚಾರ ಎಂದು ಕೇಳಿದರು. ಅಕ್ಕ ಯೋಚಿಸಿ, ಸಭಾಂಗಣ ಮೊದಲಿನ ಹಾಗಿಲ್ಲ, ಮಾತು ಹತ್ತಿಯಲ್ಲಿ ಸುತ್ತಿಕೊಂಡು ಬಂದ ಹಾಗೆ ಬರುತ್ತದೆ ಎಂದಳು. ಮೇಷ್ಟ್ರು ತಲೆಯೆತ್ತಿ ಬಿಳಿ ಸೂರನ್ನು ನೋಡಿದರು. ತಾವೇ ಒಂದು ದಿನ ಹನ್ನೊಂದನೇ ಸಾಲಿನಲ್ಲಿ ಕೂತು ಕೇಳಿದರು. ಅವರಿಗೇನೋ ಕೇಳಿಸಿತು. ಆದರೆ ಹೇಳಿಕೊಟ್ಟವನಿಗೆ ಮುಂದಿನ ಮಾತು ಮೊದಲೇ ಗೊತ್ತಿರುತ್ತದೆ, ತನ್ನ ಕಿವಿಯನ್ನು ನಂಬಲಾಗದು ಎಂದುಕೊಂಡರು. ಹಿಂದೆ ಕೂತ ಮಕ್ಕಳು ತಮಗೂ ಕೇಳಿಸುತ್ತದೆ ಎಂದರು. ಗೆಳೆಯರ ಪರವಾಗಿ ಗೆಳೆಯರು ಹಾಗೆನ್ನದೆ ಇನ್ನೇನೆನ್ನುತ್ತಾರೆ? ಯಾರ ಹಂಗೂ ಇಲ್ಲದ ಕಿವಿ ಅಕ್ಕನದೊಂದೇ. ಹಾಗಾಗಿ ತಪ್ಪು ಸೂರಿನದೆಂದು ತೀರ್ಮಾನವಾಯಿತು.

ಮಕ್ಕಳು ಪಾಪ, ದನಿ ಏರಿಸಿದರು. ಏರಿಸಿ ಏರಿಸಿ, ಪ್ರೀತಿಯ ಬಗ್ಗೆ ಮಾತಾಡುವಾಗಲೂ ಕತ್ತಿನ ನರ ಉಬ್ಬುವಂತಾಯಿತು. ಬೇರೆ ಕಾಲೇಜಿನ ಸ್ಪರ್ಧೆಯೊಂದರಲ್ಲಿ ತೀರ್ಪುಗಾರರೊಬ್ಬರು ಮೇಷ್ಟ್ರನ್ನು ಪಕ್ಕಕ್ಕೆ ಕರೆದು, ನಿಮ್ಮ ಮಕ್ಕಳು ಭಾಷಣ ಮಾಡುತ್ತಾರೋ ಹೊರಟ ಬಸ್ಸು ನಿಲ್ಲಿಸುತ್ತಾರೋ ಎಂದು ಕೇಳಿದರಂತೆ. ಮೇಷ್ಟ್ರು ಅವಮಾನ ನುಂಗಿಕೊಂಡು ಬಂದು ಕಟ್ಟಡ ಶಾಖೆಗೆ ಕಾಗದ ಬರೆದರು. ಸೂರು ತೆಗೆಯಿರಿ, ನಮ್ಮ ಸಭಾಂಗಣದಲ್ಲಿ ಮಾತು ಕೇಳಿಸುತ್ತಿಲ್ಲ ಎಂದು. ಹೀಗೆ ಒಂಬತ್ತು ಕಾಗದ. ಪ್ರತಿಯೊಂದರಲ್ಲೂ, ಮೂವತ್ತು ವರ್ಷದಿಂದ ಇಲ್ಲಿ ಕೇಳುತ್ತ ಬಂದ ಪರಿಚಾರಕಿಯ ಅನುಭವದಂತೆ ಎಂಬ ಒಂದು ಸಾಲು ಇರುತ್ತಿತ್ತು. ಆ ಸಾಲನ್ನು ಮೇಷ್ಟ್ರು ಅಕ್ಕನಿಗೆ ಓದಿ ಹೇಳಿದ್ದರು. ಅವಳು ಆವತ್ತು ಮನೆಗೆ ಹೋಗಿ ಮಗಳಿಗೆ ಅದನ್ನು ಎರಡು ಸಲ ಹೇಳಿದ್ದಳು.

ಒಂಬತ್ತಕ್ಕೂ ಸೇರಿ ಒಂದೇ ಉತ್ತರ ಬಂತು. ಭಾಷಣಕಲೆ ವಿಭಾಗದವರೇ ಪದೇ ಪದೇ ತಿಳಿಸಿರುವಂತೆ ಸದರಿ ಸಭಾಂಗಣವು ಮೈಕಿಲ್ಲದೆ ಮಾತಾಡಲು ಯೋಗ್ಯವಲ್ಲ. ಆದ್ದರಿಂದ ಬೆಂಚುಗಳನ್ನು ಕಿತ್ತು, ಅಡ್ಡಗೋಡೆ ಎಬ್ಬಿಸಿ ನಾಲ್ಕು ಕೋಣೆ ಮಾಡಲಾಗುವುದು. ಎರಡು ಕೋಣೆ ಮೈಕಿನ ಸಮೇತ ವಿಭಾಗಕ್ಕೆ, ಇನ್ನೆರಡು ಹಳೆಯ ಉತ್ತರಪತ್ರಿಕೆ ತುಂಬಿಡಲು. ಬುಧವಾರ ಹನ್ನೊಂದು ಗಂಟೆಗೆ ಸ್ಥಳ ಪರಿಶೀಲನೆ ಮತ್ತು ಸಹಿ.

ಮೇಷ್ಟ್ರು ಅದನ್ನು ಅಕ್ಕನ ಪಕ್ಕ ಕೂತು ಓದಿದರು. ಓದಿ ಮಡಿಸಿದರು. 'ಸೂರು ತೆಗೀರಿ ಅಂತ ಕೇಳಿದೆ ಅಕ್ಕ,' ಎಂದು ಮಾತಿನ ನಡುವೆ ನಿಂತರು. ಎಷ್ಟು ಹೊತ್ತು ನಿಂತರೆಂದರೆ ಅಕ್ಕ ಎದ್ದು ಎರಡು ಕಿಟಕಿ ಮುಚ್ಚಿ ಬಂದಳು. 'ಹಾಲ್‌ನೇ ತೆಗೀತಾರಂತೆ.'

ಅದು ಶುಕ್ರವಾರ. ಭಾನುವಾರ ಅಕ್ಕ ಮನೆಯಲ್ಲಿದ್ದಳು. ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಕಿಟಕಿಯ ಪಕ್ಕ ಮಗಳ ಹೊಲಿಗೆ ಯಂತ್ರ. ಯಂತ್ರದ ಸದ್ದಿನ ಮೇಲೆ ಗಿರಾಕಿಗಳೊಂದಿಗೆ ಮಾತಾಡಿ ಮಾತಾಡಿ ಮಗಳ ಗಂಟಲು ದೊಡ್ಡದಾಗಿಬಿಟ್ಟಿತ್ತು. ಅಳಿಯ ಬಸ್ಸಿನ ಡ್ರೈವರು, ಆಗಷ್ಟೇ ತಿಂಡಿ ತಿಂದು ಪಾಳಿಗೆ ಹೋಗಿದ್ದ. ಅಕ್ಕ ಗುಂಡಿ ಹೊಲಿಯುತ್ತ ಕೂತಿದ್ದವಳು, ಮನಸ್ಸಿನಲ್ಲಿ ಬಹಳ ದಿನದಿಂದ ಕೊರೆಯುತ್ತಿದ್ದ ವಿಷಯ ಎತ್ತಿದಳು.

'ನಿನ್ನ ಗಂಡ ನನ್ನ ಮೇಲೆ ಯಾಕೆ ಮುನಿಸ್ಕೊಂಡಿದಾನೆ?'

'ಯಾರು ಮುನಿಸ್ಕೊಂಡಿದಾರೆ?'

'ವರ್ಷದ ಮೇಲಾಯ್ತು. ಊಟಕ್ಕೆ ಕೂತ್ರೆ ಒಂದು ಮಾತಿಲ್ಲ, ಕತೆಯಿಲ್ಲ. ನಾನೇನಾದ್ರೂ ಅಂದಿದ್ರೆ ಹೇಳ್ಬಿಡು. ತಪ್ಪಾಯ್ತಪ್ಪಾ ಅಂತೀನಿ, ಅದಕ್ಕೇನು.'

ಮಗಳು ಯಂತ್ರ ನಿಲ್ಲಿಸಿದಳು. 'ಅಮ್ಮ, ಅವರು ಮಾತಾಡೋದೇ ನಿನ್ನ ಹತ್ರ. ನಿನ್ನೆ ಅರ್ಧ ಗಂಟೆ ಆ ಬ್ರೇಕ್ ಕೆಟ್ಟ ಕತೆ ಹೇಳಿದ್ರಲ್ಲ, ನೀನು ತಟ್ಟೆ ನೋಡ್ಕೊಂಡು ಕೂತಿದ್ದೆ. ಅತ್ತೆಗೆ ನಾನಂದ್ರೆ ಸೇರಲ್ಲ ಅಂತ ಅವರೇ ಮುಖ ಸಣ್ಣಗೆ ಮಾಡ್ಕೊಂಡು ಓಡಾಡ್ತಿದಾರೆ.'

ಹೇಳಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಿದ್ದವಳು ಅಮ್ಮನ ಮುಖ ನೋಡಿ ಸುಮ್ಮನಾದಳು. ಎದ್ದು ಒಳಗೆ ಹೋದಳು, ಪಾತ್ರೆ ಎತ್ತಿಟ್ಟಳು, ಹಿಂದಿರುಗಿ ಅಮ್ಮನೆದುರು ಕುಕ್ಕರುಗಾಲಲ್ಲಿ ಕೂತಳು. ನಾನು ಈಗ ಬೆನ್ನ ಹಿಂದೆ ನಿಂತು ಏನೆಂದೆ ಹೇಳು ಎಂದು ಕೇಳಿದಳು. ಅಕ್ಕ, ನೀನು ಏನೂ ಅನ್ನಲಿಲ್ಲವಲ್ಲ ಎಂದಳು. ಮಗಳು ಅಮ್ಮನ ಕೈಯಿಂದ ಸೂಜಿ ತೆಗೆದುಕೊಂಡು, ತಾನೇ ದಾರ ಪೋಣಿಸಿ ಕೊಟ್ಟಳು.

ಅಕ್ಕ ಸೋಲೊಪ್ಪಲಿಲ್ಲ. ರಸ್ತೆಯ ಗದ್ದಲ, ಅಳಿಯನ ಬಾಯಲ್ಲಿ ಅಡಕೆಯಿಟ್ಟ ಹಾಗಿರುವ ಮಾತು, ತಿರುಗುವ ಫ್ಯಾನು ಎಂದು ಏನೇನೋ ಹೇಳಿದಳು. ಸೋಮವಾರ ಬೆಳಿಗ್ಗೆ ಮಾತ್ರ ಅರ್ಧ ಗಂಟೆ ಮುಂಚೆ ಹೋಗಿ ಸಭಾಂಗಣದ ಬೀಗ ತೆಗೆದಳು. ವೇದಿಕೆಯ ಪಕ್ಕದ ಗೋಡೆಯಲ್ಲಿ ಹಳೆಯ ಲೋಲಕದ ಗಡಿಯಾರವಿತ್ತು. ಮೊದಮೊದಲು ಅದರ ಟಿಕ್ ಟಿಕ್ ಹನ್ನೊಂದನೇ ಸಾಲಿಗೂ ಕೇಳಿಸುತ್ತಿತ್ತು. ಅವಳು ಹೋಗಿ ಮೊದಲ ಸಾಲಿನಲ್ಲಿ ಕೂತಳು. ಅಲ್ಲಿ ತಲೆಯ ಮೇಲೆ ಬಿಳಿ ಹಲಗೆ ಇರಲಿಲ್ಲ, ಬರೀ ತಗಡಿನ ಮಾಡೇ ಇತ್ತು. ರಸ್ತೆ ಇರಲಿಲ್ಲ, ಫ್ಯಾನು ಇರಲಿಲ್ಲ, ಅಳಿಯನೂ ಇರಲಿಲ್ಲ. ಲೋಲಕ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಿಧಾನ ತೂಗುತ್ತಿತ್ತು. ಸದ್ದಿಲ್ಲ. ಎದ್ದು ಹತ್ತಿರ ಹೋದಳು. ಸದ್ದಿಲ್ಲ. ಕೊನೆಗೆ ಗಡಿಯಾರದ ಮರಕ್ಕೆ ಅಂಗೈ ಒತ್ತಿದಳು. ಅಂಗೈಗೆ ಟಿಕ್ ಟಿಕ್ ತಿಳಿಯಿತು.

ಅವಳು ಅಲ್ಲೇ ವೇದಿಕೆಯ ಅಂಚಿನಲ್ಲಿ ಕೂತಳು. ಮೊದಲು ಬಂದದ್ದು ಹೆದರಿಕೆ. ಹಿಂದಿನ ವರ್ಷ ಲಿಫ್ಟಿನವನಿಗೆ ಕಣ್ಣು ಮಂಜಾದಾಗ ಆಡಳಿತ ಕಚೇರಿಯವರು ಅವನನ್ನು ಆವರಣದ ಕಟ್ಟಕಡೆಗೆ, ಮುರಿದ ಕುರ್ಚಿ ಮೇಜು ಪೇರಿಸಿಡುವ ಶೆಡ್ಡಿಗೆ ಹಾಕಿದ್ದರು. ದಿನವಿಡೀ ಅವನನ್ನು ಮಾತಾಡಿಸುವವರಿಲ್ಲ. ಆಮೇಲೆ ಬಂದದ್ದು ಇನ್ನೂ ಕೆಟ್ಟದ್ದು. ಎರಡು ವರ್ಷದಲ್ಲಿ ತಾನು ಕೆಳಗಿಳಿಸಿದ ಮಕ್ಕಳ ಮುಖಗಳು ಒಂದೊಂದಾಗಿ ಕಣ್ಣೆದುರು ನಿಂತವು.

ಆದರೂ ಸಂಜೆಯ ಹೊತ್ತಿಗೆ ಅವಳು ಒಂದು ಸಮಾಧಾನ ಹುಡುಕಿಕೊಂಡಳು. ಬುಧವಾರ ಕಟ್ಟಡ ಶಾಖೆಯ ಎಂಜಿನಿಯರಮ್ಮ ಸದ್ದು ಅಳೆಯುವ ಪೆಟ್ಟಿಗೆ ತರುತ್ತಾಳೆಂದು ಮೇಷ್ಟ್ರು ಹೇಳಿದ್ದರು. ಪೆಟ್ಟಿಗೆ ಸುಳ್ಳು ಹೇಳುವುದಿಲ್ಲ. ಸಭಾಂಗಣ ನೆಟ್ಟಗಿದೆ ಎಂದು ಅದೇ ಹೇಳಿಬಿಟ್ಟರೆ ಗೋಡೆ ಏಳುವುದಿಲ್ಲ, ತಾನೂ ಬಾಯಿ ಬಿಡಬೇಕಾಗಿಲ್ಲ. ಕೆಲಸ ಇನ್ನು ಒಂದೂವರೆ ವರ್ಷ. ಅಲ್ಲಿಯವರೆಗೆ ಬಟ್ಟೆ ಎತ್ತದೆ ಕೂತಿದ್ದರೆ ಯಾರಿಗೆ ನಷ್ಟ?

ಮಂಗಳವಾರ ಮಧ್ಯಾಹ್ನ ಆ ಸಮಾಧಾನಕ್ಕೆ ಕಲ್ಲು ಬಿತ್ತು. ಓಣಿಯಲ್ಲಿ ಗೂಡುಗಳ ಕನ್ನಡಿ ಒರೆಸುತ್ತಿದ್ದಾಗ ಎರಡನೇ ವರ್ಷದ ಹುಡುಗಿಯೊಬ್ಬಳು ಬಂದು ನಿಂತಳು. ತೆಳ್ಳಗಿನ ದನಿಯವಳು, ಜೊತೆಯವರು ಅವಳನ್ನು ಪಿಸುಮಾತು ಎಂದು ಕರೆಯುತ್ತಿದ್ದರು. ಆ ವರ್ಷ ಮೂರು ಸಲವೂ ಅವಳಿಗೆ ಹಳದಿ ಎದ್ದಿತ್ತು. ಕೈಯಲ್ಲಿ ವಿಭಾಗ ಬಿಟ್ಟುಹೋಗುವವರು ತುಂಬುವ ಕಾಗದ. ಗೂಡಿನ ಕೀಲಿ ಒಪ್ಪಿಸಿದ್ದಾರೆಂದು ಪರಿಚಾರಕಿ ಅದರಲ್ಲಿ ರುಜು ಹಾಕಬೇಕು. ಬೇರೆ ಯಾವುದೋ ವಿಭಾಗಕ್ಕೆ ಹೋಗುತ್ತೇನೆಂದು ಅವಳೆಂದದ್ದನ್ನು ಅಕ್ಕ ಕೇಳಿಸಿಕೊಂಡಳೆನ್ನುವುದಕ್ಕಿಂತ ಅವಳ ತುಟಿಯಿಂದ ಓದಿಕೊಂಡಳು.

'ಇನ್ನೊಂದು ವರ್ಷ ನೋಡಬಾರದೇನೇ?' ಎಂದಳು ಅಕ್ಕ.

ಹುಡುಗಿ ಹತ್ತಿರ ಬಂದಳು. 'ಬೇರೆ ಯಾರಾದ್ರೂ ಅಂದಿದ್ರೆ ನೋಡ್ತಿದ್ದೆ ಅಕ್ಕ. ನಿಮಗೇ ಕೇಳಿಸ್ಲಿಲ್ಲ ಅಂದ್ಮೇಲೆ ನಂಗೆ ಈ ಕೆಲಸ ಆಗಿಬರಲ್ಲ ಅಂತ ಗೊತ್ತಾಯ್ತು.'

ಅಕ್ಕ ಆಗಲೇ ಹೇಳಬಹುದಿತ್ತು, ಎರಡು ಮಾತು ಸಾಕಿತ್ತು. ಹೇಳಲಿಲ್ಲ. ಕನ್ನಡಿಯ ಮೇಲೆ ಕಾಗದವಿಟ್ಟು ರುಜು ಹಾಕಿಕೊಟ್ಟಳು. ಹುಡುಗಿ ಓಣಿಯ ತುದಿ ದಾಟುವವರೆಗೆ ಅವಳ ಚಪ್ಪಲಿಯನ್ನೇ ನೋಡುತ್ತ ನಿಂತಳು.

ಬುಧವಾರ ಹನ್ನೊಂದಕ್ಕೆ ಸರಿಯಾಗಿ ಎಂಜಿನಿಯರಮ್ಮ ಬಂದಳು. ಗಟ್ಟಿಮುಟ್ಟು ಹೆಂಗಸು, ಸೊಂಟದಲ್ಲಿ ಅಳತೆ ಟೇಪು, ಅದನ್ನು ಎಳೆದು ಬಿಡುವುದು, ಎಳೆದು ಬಿಡುವುದು ಅವಳ ಚಾಳಿ. ಜೊತೆಗೆ ಆಡಳಿತ ಕಚೇರಿಯ ಗುಮಾಸ್ತ, ಕಂಕುಳಲ್ಲಿ ಕಡತ. ವಿಭಾಗದ ಮಕ್ಕಳೆಲ್ಲ ಬೆಂಚುಗಳಲ್ಲಿ ಗುಂಪು ಗುಂಪಾಗಿ ಕೂತಿದ್ದರು. ಬಿಟ್ಟುಹೋಗುವ ಹುಡುಗಿಯೂ ಬಾಗಿಲ ಪಕ್ಕ ಗೋಡೆಗೊರಗಿ ನಿಂತಿದ್ದಳು. ಕೊನೆಯ ಸಲ ನೋಡಿಕೊಂಡು ಹೋಗೋಣವೆಂದು ಬಂದವಳಂತೆ. ಮೇಷ್ಟ್ರು ವೇದಿಕೆಯ ಕೆಳಗೆ ಮೇಜು ಹಾಕಿಸಿ, ಅಕ್ಕನನ್ನು ಮೊದಲ ಸಾಲಿಗೇ ಕರೆದು, ಇವರೇ ನಮ್ಮ ಸಾಕ್ಷಿ ಎಂದು ಪರಿಚಯ ಮಾಡಿಕೊಟ್ಟರು.

ಎಂಜಿನಿಯರಮ್ಮ ಪೆಟ್ಟಿಗೆಯನ್ನು ಹಿಂದಿನ ಸಾಲಿನಲ್ಲಿಟ್ಟು, ವೇದಿಕೆಯ ಮೇಲೆ ನಿಂತು ಎರಡು ಹಲಗೆ ಒಂದಕ್ಕೊಂದು ಬಡಿದಳು. ಪೆಟ್ಟಿಗೆಯನ್ನು ಜಾಗ ಬದಲಿಸಿ ಮತ್ತೆ ಬಡಿದಳು. ಆರು ಸಲ ಬರೆದುಕೊಂಡಳು. ಕಡತದಿಂದ ಹಳೆಯ ಕಾಗದವೊಂದನ್ನು ತೆಗೆದು ಎರಡನ್ನೂ ಹೋಲಿಸಿ ನೋಡಿ, ಸೂರು ಹೊಡೆಯುವ ಮುಂಚಿನ ಅಳತೆಗೂ ಇವತ್ತಿನದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದಳು. ಅವಳ ತುಟಿಯನ್ನೇ ನೋಡುತ್ತಿದ್ದ ಅಕ್ಕನಿಗೆ ಅಷ್ಟು ತಿಳಿಯಿತು. ಸದ್ಯ, ಪೆಟ್ಟಿಗೆ ಮಾನ ಕಾಯಿತು.

ಆದರೆ ಮೇಷ್ಟ್ರು ತಲೆಯಾಡಿಸಿದರು.

'ನಿಮ್ಮ ಪೆಟ್ಟಿಗೆಗೆ ಸದ್ದು ಗೊತ್ತು,' ಎಂದರು. ನಿಂತರು. 'ಮಾತು ಗೊತ್ತಿಲ್ಲ. ಅಕ್ಕನ ಕಿವಿಗೆ ಮೂವತ್ತು ವರ್ಷ ಈ ಹಾಲ್ ಗೊತ್ತು. ಆಕೆ ಕೇಳಿಸಲ್ಲ ಅಂದ್ರೆ ಕೇಳಿಸಲ್ಲ. ಪೆಟ್ಟಿಗೆ ಮಾತು ಕೇಳಿ ಆಕೇನ ಸುಳ್ಳು ಮಾಡೋಕೆ ನನ್ನಿಂದ ಆಗಲ್ಲ.'

'ಸರ್, ನಾನು ನಿಮಗೆ ಅನುಕೂಲ ಆಗೋದನ್ನೇ ಹೇಳ್ತಿದೀನಿ,' ಎಂದಳು ಎಂಜಿನಿಯರಮ್ಮ. 'ಯೋಗ್ಯ ಅಂತ ಬರೆದ್ರೆ ಬೆಂಚು ಉಳಿಯತ್ತೆ. ಅಯೋಗ್ಯ ಅಂತ ನೀವೇ ಸಹಿ ಹಾಕಿದ್ರೆ ಮುಂದಿನ ತಿಂಗಳು ಇಲ್ಲಿ ಗೋಡೆ ಏಳತ್ತೆ. ಆಮೇಲೆ ನನ್ನ ಬೈಬೇಡಿ.'

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ಈ ಬೆಂಚುಗಳಲ್ಲೇ ಅವರೂ ಓದಿದ್ದರು, ಅವರಿಗೂ ಒಮ್ಮೆ ಹಳದಿ ಎದ್ದಿತ್ತು. ಅಷ್ಟಾದರೂ ಈ ಮನುಷ್ಯ ಸಭಾಂಗಣವನ್ನೇ ಬಿಟ್ಟುಕೊಡಲು ತಯಾರು, ತನ್ನನ್ನು ಬಿಟ್ಟುಕೊಡಲು ತಯಾರಿಲ್ಲ ಎಂಬುದು ಅಕ್ಕನಿಗೆ ಹೊಳೆಯಿತು. ಅವಳು ಎದ್ದು ನಿಂತಳು. ನಿಂತದ್ದು ತನಗೇ ತಿಳಿಯಲಿಲ್ಲ.

'ಮೇಷ್ಟ್ರೇ, ಸಹಿ ಹಾಕ್ಬೇಡಿ. ಹಾಲ್ ಸರಿಯಾಗಿದೆ. ಹೋಗಿರೋದು ನನ್ನ ಕಿವಿ.'

ತನ್ನ ದನಿ ಎಷ್ಟು ದೊಡ್ಡದಾಗಿ ಬಂತೋ ಅವಳಿಗೆ ಗೊತ್ತಾಗಲಿಲ್ಲ. ಹಿಂದಿನ ಸಾಲಿನವರೂ ತಟ್ಟನೆ ತಿರುಗಿದ್ದು ನೋಡಿ ಸಾಕಷ್ಟು ದೊಡ್ಡದಾಗಿಯೇ ಬಂದಿರಬೇಕೆಂದುಕೊಂಡಳು. ಶುರು ಮಾಡಿದ ಮೇಲೆ ನಿಲ್ಲಿಸಲು ಬರಲಿಲ್ಲ. ಗಡಿಯಾರದ ಕತೆ ಹೇಳಿದಳು. ಅಳಿಯ ಮುನಿಸಿಕೊಂಡಿದ್ದಾನೆಂದು ವರ್ಷವಿಡೀ ಅವನ ಮುಖ ನೋಡದೆ ಊಟ ಮಾಡಿದ್ದನ್ನೂ, ಅವನು ಪಾಪ ಎದುರು ಕೂತು ಬ್ರೇಕಿನ ಕತೆ ಹೇಳುತ್ತಲೇ ಇದ್ದದ್ದನ್ನೂ ಹೇಳಿದಳು. ಮಕ್ಕಳು ಕೆಲವರು ನಕ್ಕರು, ನಗಬಾರದೆಂದು ತುಟಿ ಕಚ್ಚಿಕೊಂಡರು. ನಗ್ರಪ್ಪಾ ಪರವಾಗಿಲ್ಲ, ನನ್ನ ಮಗಳೂ ನಕ್ಕಳು ಎಂದಳು ಅಕ್ಕ. ಆಮೇಲೆ ನಗುವಿಲ್ಲದ ಮಾತಿಗೆ ಬಂದಳು. ಸೋಮವಾರವೇ ನನಗೆ ತಿಳಿಯಿತು, ಆದರೂ ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ, ಶೆಡ್ಡಿನ ಭಯಕ್ಕೆ. ಬಟ್ಟೆ ಎತ್ತಿ ಎತ್ತಿ ನಿಮ್ಮನ್ನೆಲ್ಲ ಕಿರುಚಿಸಿದವಳು ನಾನು. ಸ್ಪರ್ಧೆಗೆ ಹೋಗಬೇಕಾದವರನ್ನು ಹೋಗದ ಹಾಗೆ ಮಾಡಿದವಳೂ ನಾನೇ.

'ನಿನ್ನೆ ಒಂದು ಮಗು ನನ್ನ ಮಾತು ನಂಬಿ ಈ ವಿಭಾಗಾನೇ ಬಿಟ್ಟು ಹೊರಟಿದೆ,' ಎಂದು ಬಾಗಿಲ ಕಡೆ ತಿರುಗಿದಳು. 'ನಿಂಗೆ ಎದುರಿಗೆ ಹೇಳೋ ಧೈರ್ಯ ಬರಲಿಲ್ಲ ಕಣೇ. ನಿನ್ನ ದನಿ ಬರಲಿಲ್ಲ ಅಂತಲ್ಲ. ನನ್ನ ಹತ್ರ ತಗೊಳ್ಳೋಕೆ ಏನೂ ಇರಲಿಲ್ಲ.'

ಅಷ್ಟು ಹೇಳಿ ಕೂತಳು.

ನಿಲುಗಡೆ ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದರು. ನಾನೂ ಒಂದು ದಿನ ಹಿಂದೆ ಕೂತು ಕೇಳಿದ್ದೆ, ನನಗೆ ಕೇಳಿಸಿತ್ತು, ಕೇಳಿಸಿದ್ದನ್ನು ನಂಬಲಿಲ್ಲ, ತಪ್ಪು ನಿನ್ನೊಬ್ಬಳದೇ ಅಲ್ಲ ಎಂದು ಅಕ್ಕನ ಹತ್ತಿರ ಬಗ್ಗಿ ಹೇಳಿದರು.

ಎಂಜಿನಿಯರಮ್ಮನಿಗೆ ಕೆಲಸ ಮುಗಿಸುವ ಆತುರ. ಪೆಟ್ಟಿಗೆ ಬೇಡ, ಅಕ್ಕನ ಕಿವಿಯೂ ಬೇಡ ಎಂದಾದರೆ ನನ್ನ ಕಿವಿಯಾದರೂ ಆದೀತೇ ಎಂದು ಕೇಳಿದಳು. ತಾನು ಯಾರಿಗೂ ಗೆಳತಿಯಲ್ಲ, ಇಲ್ಲಿಯ ಯಾವ ಭಾಷಣವೂ ತನಗೆ ಗೊತ್ತಿಲ್ಲ, ನಿಜ ಹೇಳಬೇಕೆಂದರೆ ಭಾಷಣವೆಂದರೆ ತನಗೆ ಆಗುವುದೂ ಇಲ್ಲ ಎಂದಳು. ಮೇಷ್ಟ್ರು ಬಾಗಿಲ ಬಳಿಯಿದ್ದ ಹುಡುಗಿಯನ್ನು ನೋಡಿದರು. ಅವಳು ಬೇಡವೆಂದು ಕತ್ತು ಅಲ್ಲಾಡಿಸಿದಳು. ಮತ್ತೆ ಏನನ್ನಿಸಿತೋ, ಚೀಲ ಕೊಕ್ಕೆಗೆ ಸಿಕ್ಕಿಸಿ ವೇದಿಕೆಯತ್ತ ನಡೆದಳು.

'ಬನ್ನಿ, ನೀವು ಎಲ್ಲಿ ಕೂರ್ತಿದ್ರಿ ತೋರಿಸಿ,' ಎಂದು ಎಂಜಿನಿಯರಮ್ಮ ಅಕ್ಕನ ಕೈ ಹಿಡಿದು ಎಬ್ಬಿಸಿದಳು. ಇಬ್ಬರೂ ಮೆಟ್ಟಿಲು ಹತ್ತಿ ಹನ್ನೊಂದನೇ ಸಾಲಿನಲ್ಲಿ ಅಕ್ಕಪಕ್ಕ ಕೂತರು.

ದೂರದಲ್ಲಿ ಹುಡುಗಿಯ ತುಟಿ ಅಲ್ಲಾಡಲು ಶುರುವಾಯಿತು. ಕಿರುಚುವ ಲಕ್ಷಣವಿಲ್ಲ, ಕತ್ತಿನ ನರ ಉಬ್ಬಲಿಲ್ಲ. ಮನೆಯಲ್ಲಿ ಯಾರೊಂದಿಗೋ ಮಾತಾಡುವ ಹಾಗೆ ಕೈ ಕಟ್ಟಿಕೊಂಡು ನಿಂತಿದ್ದಳು. ಅಕ್ಕನಿಗೆ ಒಂದು ಅಕ್ಷರ ಕೇಳಿಸಲಿಲ್ಲ. ಅವಳು ವೇದಿಕೆ ಬಿಟ್ಟು ಪಕ್ಕದ ಮುಖ ನೋಡಿದಳು. ಮೂವತ್ತು ವರ್ಷ ಆ ಸಾಲಿನಲ್ಲಿ ಕೂತು ಮಾತಾಡುವವರನ್ನೇ ನೋಡಿದ್ದಳು, ಕೇಳುವವರನ್ನು ನೋಡಿರಲಿಲ್ಲ. ಎಂಜಿನಿಯರಮ್ಮ ಮೊದಲು ಟೇಪು ಎಳೆದು ಬಿಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಟೇಪು ಅರ್ಧ ಎಳೆದಲ್ಲೇ ನಿಂತಿತು. ಆಮೇಲೆ ಅವಳು ಮೂಗಿನಲ್ಲಿ ನಕ್ಕಳು. ಹೆಗಲು ಅಲ್ಲಾಡಿದ್ದು ಅಕ್ಕನ ಹೆಗಲಿಗೆ ತಾಗಿತು. ನಕ್ಕವಳು ಸುಮ್ಮನಾದಳು, ಮುಂದಕ್ಕೆ ಬಾಗಿ ಮೊಣಕಾಲ ಮೇಲೆ ಕೈಯೂರಿ ಕೂತಳು. ಅವಳ ಹುಬ್ಬಿನ ನಡುವಿನ ಗಂಟು ಸಡಿಲವಾಯಿತು. ಕೆಳಗಿನ ಸಾಲುಗಳಲ್ಲೂ ಯಾರೂ ಮಿಸುಕುತ್ತಿರಲಿಲ್ಲ. ಬಂದು ಮುಟ್ಟುತ್ತಿದೆ, ಇಲ್ಲೀತನಕ ಬರುತ್ತಿದೆ ಎಂದು ಅಕ್ಕನಿಗೆ ಗೊತ್ತಾಯಿತು. ಕಣ್ಣು ತುಂಬಿ, ಆ ಮುಖವೂ ಸರಿಯಾಗಿ ಕಾಣದಂತಾಯಿತು.

ಮುಗಿದ ಮೇಲೆ ಎಂಜಿನಿಯರಮ್ಮ ಕೆಳಗಿಳಿದು, ನಿಂತುಕೊಂಡೇ ಕಾಗದದಲ್ಲಿ ಏನನ್ನೋ ಹೊಡೆದುಹಾಕಿ ಬೇರೇನೋ ಬರೆದಳು. ಮೇಷ್ಟ್ರು ಸಹಿ ಹಾಕಿದರು. ಬೆಂಚುಗಳು ಉಳಿದವು. ಗುಮಾಸ್ತ ಮೆಟ್ಟಿಲು ಹತ್ತಿ ಅಕ್ಕನ ಬಳಿಗೆ ಬಂದು, ಗಟ್ಟಿಯಾಗಿ, ಪರಿಚಾರಕಿಯ ವಿಷಯ ತನ್ನ ಕಿವಿಗೆ ಬಿದ್ದ ಮೇಲೆ ವೈದ್ಯರ ತಪಾಸಣೆಗೆ ಬರೆಯದೆ ಇರಲಾಗದು, ಬೇಜಾರು ಮಾಡಿಕೊಳ್ಳಬಾರದು ಎಂದ. ಅಕ್ಕ ಬರೀರಪ್ಪಾ ಎಂದಳು. ಬೀಗ ತೆಗೆಯಲು ಯಾವ ಕಿವಿ ಬೇಕ್ರೀ ಎಂದು ಎಂಜಿನಿಯರಮ್ಮ ಅವನನ್ನು ಗದರಿದಳು. ಹನ್ನೊಂದನೇ ಸಾಲಿಗೆ ಇನ್ನು ಮೇಲೆ ದಿನಕ್ಕೊಬ್ಬರಂತೆ ಬೇರೆ ವಿಭಾಗದವರನ್ನು ಕರೆಸುತ್ತೇನೆ, ಆದರೆ ಈ ಕಟ್ಟಡದ ಕೀಲಿ ಇನ್ನೊಬ್ಬರ ಸೊಂಟಕ್ಕೆ ಹೋಗಲು ನಾನು ಬಿಡುವುದಿಲ್ಲ ಎಂದು ಮೇಷ್ಟ್ರು ಒಂದೇ ಉಸಿರಿಗೆ, ಎಲ್ಲೂ ನಿಲ್ಲದೆ ಹೇಳಿದರು. ಗುಮಾಸ್ತ, ನೋಡೋಣ ಎಂದ. ಅವನ ನೋಡೋಣ ಏನಾಗುವುದೋ ಆವತ್ತು ಯಾರಿಗೂ ಗೊತ್ತಿರಲಿಲ್ಲ.

ಸಭಾಂಗಣ ಖಾಲಿಯಾಯಿತು. ಅಕ್ಕ ಕೆಳಗಿಳಿದಿರಲಿಲ್ಲ. ಹೋದ ಎರಡು ವರ್ಷ ಇಲ್ಲಿ ತನಗೆ ಕೇಳದೆ ಹೋದದ್ದೆಷ್ಟೋ ಎಂದು ಯೋಚಿಸುತ್ತ ಕೂತಿದ್ದಳು. ಹುಡುಗಿ ಒಂದೊಂದೇ ಮೆಟ್ಟಿಲು ಹತ್ತಿ ಬಂದು, ಎಂಜಿನಿಯರಮ್ಮ ಕೂತಿದ್ದ ಜಾಗದಲ್ಲಿ ನಿಂತಳು. ಬಯ್ಯಲು ಬಂದಿದ್ದರೆ ಬಯ್ಯಲಿ ಎಂದುಕೊಂಡಳು ಅಕ್ಕ. ಹುಡುಗಿ ಬಯ್ಯಲಿಲ್ಲ. ಮುಖದ ಹತ್ತಿರ ಬಗ್ಗಿ, ನಿಮಗೆ ಏನಾದರೂ ಕೇಳಿಸಿತೇ ಎಂದು ಕೇಳಿದಳು. ಇಲ್ಲವೆಂದು ಅಕ್ಕ ತಲೆಯಾಡಿಸಿದಳು.

'ಆಯಮ್ಮ ಎಲ್ಲಿ ನಕ್ಕಿದ್ದು?' ಎಂದಳು. 'ಅದೊಂದು ಹೇಳು.'

'ಮೊದಲಿಂದ ಹೇಳದಿದ್ರೆ ಅಲ್ಲಿ ನಗು ಬರಲ್ಲ ಅಕ್ಕ.'

'ಹಾಗಾದ್ರೆ ಮೊದಲಿಂದಾನೇ ಹೇಳು. ನಂಗೇನು ಅವಸರ.'

ಹುಡುಗಿ ವೇದಿಕೆಯತ್ತ ತಿರುಗಿದಳು. ಅಕ್ಕ ಅವಳ ಸೆರಗು ಹಿಡಿದು, ಅಲ್ಲಿಗಲ್ಲ, ಇಲ್ಲೇ ಎಂದು ಪಕ್ಕದ ಬೆಂಚು ತೋರಿಸಿದಳು. ಹುಡುಗಿ ಕೂತಳು. ಅಕ್ಕ ತುಸು ಚೆನ್ನಾಗಿರುವ ಎಡಗಿವಿಯನ್ನು ಅವಳ ಕಡೆ ಮಾಡಿದಳು. ಹುಡುಗಿ ದನಿ ಏರಿಸದೆ, ಕಿವಿಯ ಹತ್ತಿರ ಬಾಗಿ ಶುರು ಮಾಡಿದಳು. ಆಸ್ಪತ್ರೆಯಲ್ಲಿ ಕಾಯುವವರ ಕೋಣೆ. ಅಲ್ಲಿ ಎಲ್ಲರೂ ಒಂದೇ ಬಾಗಿಲನ್ನು ನೋಡುತ್ತ ಕೂತಿರುತ್ತಾರೆ. ಆ ಬಾಗಿಲು ತೆರೆದ ಕೂಡಲೇ ಎಲ್ಲರೂ ತಂತಮ್ಮ ಚಪ್ಪಲಿ ನೋಡಿಕೊಳ್ಳುತ್ತಾರೆ. ಆ ಕೋಣೆಯಲ್ಲಿ ಒಂದು ಕುರ್ಚಿಗೆ ಮೂರೇ ಕಾಲು. ಯಾರೂ ಅದರಲ್ಲಿ ಕೂರುವುದಿಲ್ಲ, ಕೂತರೆ ಬೀಳುತ್ತಾರೆ. ಆದರೂ ಯಾರೋ ಒಬ್ಬರು ಅದರ ಮೇಲೆ ಕರವಸ್ತ್ರ ಹಾಕಿ, ಜಾಗ ಹಿಡಿದಿಟ್ಟು, ಚಹಾ ಕುಡಿಯಲು ಹೋಗಿದ್ದಾರೆ.

ಅಕ್ಕ ನಕ್ಕಳು. ಹುಡುಗಿ ಅವಳ ನಗು ಮುಗಿಯುವವರೆಗೆ ಕಾದಳು, ಆಮೇಲೆ ಮುಂದಿನ ಮಾತು ಹೇಳಿದಳು.